ಹಸಿರು ಕಲ್ಲಿನ ಹೆಸರು ಮತ್ತು ಬೆಲೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ನಮ್ಮ ಸೀಮೆಯಲ್ಲಿ ಮಳೆಗೆ ಬರವುಂಟು, ಕೆರೆಯ ನೀರಿಗೆ ಬರವುಂಟು. ಕಲ್ಲಿಗೆ ಮಾತ್ರ ಎಂದೂ ಬರವಿಲ್ಲ. ಮಧುಗಿರಿಯ ಏಕಶಿಲೆಯನ್ನು ಕಂಡವರು, ಪಾವಗಡದ ದುರ್ಗವನ್ನು ಹತ್ತಿದವರು, ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟದ ಗುಹೆಯಲ್ಲಿ ತೀರ್ಥವನ್ನು ಸ್ವೀಕರಿಸಿದವರು ಈ ಮಾತನ್ನು ಒಪ್ಪಿಯಾರು. ರಾಮನಗರದಿಂದ ಹೊರಟು ಮಾಗಡಿ, ಮಧುಗಿರಿ, ಪಾವಗಡಗಳ ಮೇಲೆ ಹಾದು ಬಳ್ಳಾರಿಯ ಕಡೆಗೆ ಸಾಗುವ ಉದ್ದನೆಯ ಗ್ರಾನೈಟ್ ಪಟ್ಟಿಯೊಂದು ಇಲ್ಲಿದೆ. ರಾಮನಗರಕ್ಕೆ ಹಿಂದೆ ಇದ್ದ ಕ್ಲೋಸ್‌ಪೇಟೆ ಎಂಬ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆದಿದ್ದಾರೆ. ಇದರ ವಯಸ್ಸು ಸುಮಾರು ೨೫೦ ಕೋಟಿ ವರ್ಷ. ಶಿರಾ ತಾಲ್ಲೂಕಿನ ಪಶ್ಚಿಮಕ್ಕೆ ಹೋದರೆ ಮಾತ್ರ ನೆಲದ ಬಣ್ಣವೇ ಬೇರೆಯಾಗುತ್ತದೆ. ಅಲ್ಲಿ ಚಿತ್ರದುರ್ಗದ ಕಡೆಯಿಂದ ಇಳಿದುಬಂದ ಕಪ್ಪು ಪದರಶಿಲೆಗಳೂ ಕಬ್ಬಿಣದ ಪಟ್ಟೆಯುಳ್ಳ ಶಿಲೆಗಳೂ ಇವೆ. ಆ ತಾಲ್ಲೂಕಿನ ಅಜ್ಜನಹಳ್ಳಿಯಲ್ಲಿ ಚಿನ್ನ ದೊರೆತದ್ದು ಇಂತಹ ಶಿಲೆಯಲ್ಲಿಯೇ. ಹಟ್ಟಿ ಚಿನ್ನದ ಗಣಿ ಸಂಸ್ಥೆಯವರು ಕೆಲವು ಕಾಲ ಅಲ್ಲಿ ಅದಿರು ತೆಗೆದರು.

ಇಂತಹ ನೆಲದಲ್ಲಿ ಬಾಳುವ ಜನರಿಗೆ ಕಲ್ಲಿನ ವಿಷಯದಲ್ಲಿ ಕುತೂಹಲವಿರುವುದು ಸಹಜವೇ ಸರಿ. ನೇಗಿಲಿಗೆ ಸಿಕ್ಕ ಹೊಳೆಯುವ ಕಲ್ಲನ್ನು ಒರೆಸಿ ಮನೆಗೆ ತರುತ್ತಾರೆ. ಆದರೆ "ಇದು ಏನು?" ಎಂದು ಕೇಳುವವರು ವಿರಳ; "ಇದು ಎಷ್ಟಕ್ಕೆ ಹೋಗುತ್ತದೆ?" ಎಂದು ಕೇಳುವವರೇ ಬಹಳ. ಹೆಸರನ್ನು ತಿಳಿಯುವ ಮೊದಲೇ ಬೆಲೆಯನ್ನು ಕಟ್ಟುವ ಈ ಅಭ್ಯಾಸದಿಂದ ಒಂದು ಸದ್ಗೃಹಸ್ಥರ ಮನೆ ತೊಂದರೆಗೆ ಸಿಲುಕುವುದರಲ್ಲಿದ್ದುದನ್ನು ನಾವು ಕಣ್ಣಾರೆ ಕಂಡೆವು. ಅದನ್ನು ನಮ್ಮ ಪತ್ರಿಕೆಯ ಕುಟುಂಬಗಳಿಗೆ ತಿಳಿಸುವುದು ಉಚಿತವೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ. ಆ ಮನೆಯವರ ಅನುಮತಿ ನಮಗುಂಟು. ಹೆಸರು ಮತ್ತು ಊರನ್ನು ಹೇಳುವುದಿಲ್ಲ.

ಕಲ್ಲು ನಮ್ಮ ಬಳಿಗೆ ಏಕೆ ಬಂತೆಂಬುದಕ್ಕೆ ಎರಡು ಮಾತು ಹೇಳಬೇಕು. ಬಾಲ್ಯದಲ್ಲಿ ಮಠದ ಪಾಠಶಾಲೆಯಲ್ಲಿ ನಾವು ಕಾವ್ಯ, ವ್ಯಾಕರಣ, ಸಿದ್ಧಾಂತಗಳನ್ನು ಓದುತ್ತಿದ್ದಾಗ, ವೈದ್ಯವನ್ನು ಬಲ್ಲ ಪಂಡಿತರೊಬ್ಬರು ಸಂಜೆಯ ಹೊತ್ತು ಆಸಕ್ತರಿಗೆ ರಸಶಾಸ್ತ್ರವನ್ನು ಹೇಳುತ್ತಿದ್ದರು. ಅವರ ಮರದ ಪೆಟ್ಟಿಗೆಯಲ್ಲಿ ಹರಿತಾಳ, ಮಣಿಶಿಲೆ, ಗೌರೀಪಾಷಾಣ, ಹಿಂಗುಲಗಳ ತುಣುಕುಗಳಿದ್ದವು. ಹರಿತಾಳದಲ್ಲಿ ಎಲೆಯಂತೆ ಪದರ ಪದರವಾಗಿ ಏಳುವುದು ಪತ್ರಹರಿತಾಳ, ಉಂಡೆಯಾಗಿರುವುದು ಪಿಂಡಹರಿತಾಳ ಎಂದು ಅವರು ಬೆರಳಿನಿಂದ ತೋರಿಸಿ, ಆಮೇಲೆ ನಮ್ಮೆಲ್ಲರ ಕೈಗಳನ್ನು ಬೂದಿ ಹಾಕಿ ತೊಳೆಸುತ್ತಿದ್ದರು. ರಸಶಾಸ್ತ್ರಕಾರರು ಹರಿತಾಳವನ್ನೂ ಮಣಿಶಿಲೆಯನ್ನೂ ಉಪರಸಗಳಲ್ಲಿ ಎಣಿಸಿದ್ದಾರೆ, ಗೌರೀಪಾಷಾಣವನ್ನು ಸಾಧಾರಣ ರಸಗಳಲ್ಲಿ ಇಟ್ಟಿದ್ದಾರೆ. ಇಂದಿನ ರಸಾಯನ ವಿಜ್ಞಾನದ ಪ್ರಕಾರ ಈ ಮೂರರಲ್ಲಿಯೂ ಇರುವ ಮೂಲವಸ್ತು ಒಂದೇ, ಅದು ಆರ್ಸೆನಿಕ್. ಗಂಧಕದೊಡನೆ ಒಂದು ಪ್ರಮಾಣದಲ್ಲಿ ಕೂಡಿದರೆ ಹಳದಿಯ ಹರಿತಾಳ, ಇನ್ನೊಂದು ಪ್ರಮಾಣದಲ್ಲಿ ಕೂಡಿದರೆ ಕೆಂಪಿನ ಮಣಿಶಿಲೆ, ಆಮ್ಲಜನಕದೊಡನೆ ಕೂಡಿದರೆ ಬಿಳಿಯ ಗೌರೀಪಾಷಾಣ. ನಮ್ಮ ಹಿರಿಯರು ಪಾಷಾಣವೆಂಬ ಶಬ್ದವನ್ನು ಕಲ್ಲಿಗೂ ವಿಷಕ್ಕೂ ಒಂದೇ ಆಗಿ ಬಳಸಿದ್ದು ಸುಮ್ಮನೆ ಅಲ್ಲ.

ಸಿದ್ಧರಬೆಟ್ಟದ ಸುತ್ತಮುತ್ತಲ ಹಳ್ಳಿಗಳಲ್ಲಿ ಸಿದ್ಧರು ಚಿನ್ನ ಮಾಡುತ್ತಿದ್ದರೆಂಬ ಕಥೆಗಳನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕಬ್ಬಿಣವನ್ನು ಚಿನ್ನವಾಗಿಸುವ ಪರುಷದ ಕಲ್ಲಿನ ಮಾತು ಶರಣರ ವಚನಗಳಲ್ಲಿಯೂ ಬರುತ್ತದೆ. ಆದರೆ ಅಲ್ಲಿ ಅದು ಗುರುಸ್ಪರ್ಶಕ್ಕೆ ಕೊಟ್ಟ ದೃಷ್ಟಾಂತವೇ ಹೊರತು ಹೊಲದಲ್ಲಿ ಹುಡುಕಬೇಕಾದ ಪದಾರ್ಥವಲ್ಲ. ಈ ಭೇದವನ್ನು ಮರೆತವರು ನಮ್ಮಲ್ಲಿ ಇನ್ನೂ ಇದ್ದಾರೆ. ತಾಮ್ರದ ಹಳೆಯ ಚೆಂಬು ಅಕ್ಕಿಯ ಕಾಳನ್ನು ಎಳೆದುಕೊಳ್ಳುತ್ತದೆಂದೂ ಅದಕ್ಕೆ ಕೋಟಿಗಟ್ಟಲೆ ಬೆಲೆಯೆಂದೂ ನಂಬಿಸಿ ಹಣ ಕಿತ್ತುಕೊಂಡ ವರ್ತಮಾನಗಳು ನಮ್ಮ ನಾಡಿನ ದಿನಪತ್ರಿಕೆಗಳಲ್ಲಿ ಎಷ್ಟು ಬಾರಿ ಬಂದಿಲ್ಲ!

ಎರಡು ವರ್ಷಗಳ ಹಿಂದೆ ಶ್ರಾವಣಮಾಸದಲ್ಲಿ ಶಿರಾ ತಾಲ್ಲೂಕಿನ ಪಶ್ಚಿಮ ಭಾಗದಿಂದ ಆ ಗೃಹಸ್ಥರು ಪತ್ನಿ ಮತ್ತು ಮಗಳೊಡನೆ ನಮ್ಮಲ್ಲಿಗೆ ಬಂದರು. ಮಗಳು ತುಮಕೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದಳು. ಪ್ರಸಾದವಾದ ಮೇಲೆ ಅವರು ಬಟ್ಟೆಯ ಗಂಟನ್ನು ಬಿಚ್ಚಿ ಒಂದು ಕಲ್ಲನ್ನು ಚಾಪೆಯ ಮೇಲೆ ಇಟ್ಟರು. ತೆಂಗಿನಕಾಯಿಯ ಅರ್ಧ ಹೋಳಿಗಿಂತ ಚಿಕ್ಕದು. ಮೇಲೆಲ್ಲ ತುಕ್ಕಿನ ಬಣ್ಣ. ಒಂದು ಮಗ್ಗುಲಲ್ಲಿ ಎಳೆಯ ಬಾಳೆಎಲೆಯ ಹಸಿರಿನ ತೆಳ್ಳನೆಯ ಹೊದಿಕೆ, ಅದರ ಮೇಲೆ ಸಾಸಿವೆಗಿಂತ ಚಿಕ್ಕ ಹರಳುಗಳ ಮಿನುಗು. ಒಡೆದ ಜಾಗದಲ್ಲಿ ಒಳಗೆ ಬೆಳ್ಳಿಯಂತಹ ಹೊಳಪು.

"ಶಾಸ್ತ್ರಿಗಳೇ, ಹೊಲದ ಅಂಚಿನಲ್ಲಿ ಹಿಂದಿನ ಕಾಲದವರು ತೋಡಿದ ಗುಂಡಿ ಇದೆ. ಅದರ ಮಣ್ಣಿನಲ್ಲಿ ಸಿಕ್ಕಿತು" ಎಂದು ಅವರು ಅರಿಕೆ ಮಾಡಿಕೊಂಡರು. ಸುದ್ದಿ ಹರಡಿ, ಒಬ್ಬ ದಲ್ಲಾಳಿ ಬಂದನಂತೆ. ಕಲ್ಲಿನ ಚೂರೊಂದನ್ನು ಅಡುಗೆಮನೆಯ ಒಲೆಯ ಕೆಂಡದ ಮೇಲೆ ಇಟ್ಟನಂತೆ. ಬೆಳ್ಳುಳ್ಳಿ ಸುಟ್ಟ ವಾಸನೆ ಮನೆಯನ್ನೆಲ್ಲ ತುಂಬಿತಂತೆ. "ನೋಡಿ ಗೌಡರೇ, ಕಲ್ಲಿನಲ್ಲಿ ಬೆಳ್ಳುಳ್ಳಿ ವಾಸನೆ ಬಂದರೆ ಅದು ಜಗತ್ತಿನಲ್ಲಿಯೇ ಅಪರೂಪದ ಆರ್ಸೆನೇಟ್ ಖನಿಜ. ಹೊರದೇಶದಲ್ಲಿ ಗ್ರಾಂ ಲೆಕ್ಕದಲ್ಲಿ ಕೊಳ್ಳುತ್ತಾರೆ. ಸರ್ಟಿಫಿಕೇಟ್ ಮಾಡಿಸಲು ಎರಡು ಲಕ್ಷ ಅಡ್ವಾನ್ಸ್ ಕಟ್ಟಬೇಕು" ಎಂದನಂತೆ. ಮಗಳ ಮದುವೆಗೆಂದು ಇಟ್ಟುಕೊಂಡಿದ್ದ ಹಣ ಸಾಲದೆ, ಒಂದು ಎಕರೆ ತೆಂಗಿನ ತೋಟವನ್ನು ಅಡಮಾನವಿಡಲು ಪತ್ರವೂ ಸಿದ್ಧವಾಗಿತ್ತು. ಮಗಳು ಹಟ ಹಿಡಿದು, ಸಹಿ ಮಾಡುವ ಮೊದಲು ತಿಳಿದವರಲ್ಲಿ ಕೇಳೋಣವೆಂದು ತಂದೆಯನ್ನು ಕರೆತಂದಿದ್ದಳು.

ನಮಗೆ ಕಳವಳವಾದದ್ದು ತೋಟದ ಮಾತಿನಿಂದ ಮಾತ್ರವಲ್ಲ. ಆ ತಾಯಿ ನಡುವೆ ಒಂದು ಮಾತು ಹೇಳಿದರು: ಮನೆಯ ಅಜ್ಜಿ ಈ ಕಲ್ಲನ್ನು ದೇವರ ಜಗಲಿಯ ಮೇಲಿಟ್ಟು, ಸೋಮವಾರ ಸೋಮವಾರ ನೀರೆರೆದು, ಆ ನೀರನ್ನು ಮೊಮ್ಮಕ್ಕಳಿಗೆ ತೀರ್ಥವೆಂದು ಕೊಡುತ್ತಿದ್ದರು. ಆರು ವಾರಗಳಿಂದ ಹೀಗೆಯೇ ನಡೆದಿತ್ತು.

ಬೆಳ್ಳುಳ್ಳಿಯ ವಾಸನೆಯ ಪರೀಕ್ಷೆ ಸುಳ್ಳಲ್ಲ ಎಂಬುದನ್ನು ಮೊದಲು ಹೇಳಬೇಕು. ಆರ್ಸೆನಿಕ್ ಇರುವ ಕಲ್ಲನ್ನು ಕಾಯಿಸಿದರೆ ಆ ವಾಸನೆ ಬರುವುದು ಖನಿಜವಿಜ್ಞಾನದಲ್ಲಿ ಬಹುಕಾಲದಿಂದ ತಿಳಿದ ಸಂಗತಿ. ದಲ್ಲಾಳಿಯ ಮೋಸ ಪರೀಕ್ಷೆಯಲ್ಲಿ ಇರಲಿಲ್ಲ, ಅದರಿಂದ ಅವನು ತೆಗೆದ ನಿರ್ಣಯದಲ್ಲಿತ್ತು. ವಾಸನೆಯು ಆರ್ಸೆನಿಕ್ ಇದೆಯೆಂದು ಮಾತ್ರ ಹೇಳುತ್ತದೆ. ಯಾವ ಖನಿಜ, ಅಪರೂಪವೋ ಸಾಮಾನ್ಯವೋ ಎಂಬುದನ್ನು ಅದು ಹೇಳಲಾರದು. ಮೇಲಾಗಿ ಆ ವಾಸನೆಯೊಡನೆ ಏಳುವ ಹೊಗೆಯಲ್ಲಿ ಇರುವುದು ನಮ್ಮ ಪಂಡಿತರ ಪೆಟ್ಟಿಗೆಯಲ್ಲಿದ್ದ ಗೌರೀಪಾಷಾಣವೇ! ಅಡುಗೆಮನೆಯಲ್ಲಿ, ಮಕ್ಕಳ ಎದುರಿನಲ್ಲಿ ಮಾಡತಕ್ಕ ಕೆಲಸವೇ ಅದು? ವಾಚಕರಲ್ಲಿ ಯಾರೂ ಈ ಪರೀಕ್ಷೆಯನ್ನು ಮನೆಯಲ್ಲಿ ಮಾಡಬಾರದೆಂದು ನಮ್ಮ ಕಳಕಳಿಯ ಪ್ರಾರ್ಥನೆ.

ಬೆಂಕಿಯಿಲ್ಲದೆ ಮಾಡಬಹುದಾದ ಪರೀಕ್ಷೆಗಳನ್ನು ನಾವು ಅಂದೇ ಮಾಡಿದೆವು. ಅವರ ಮನಸ್ಸಿನ ಮೂಲೆಯಲ್ಲಿ ಪಚ್ಚೆಯ ಹರಳಿರಬಹುದೆಂಬ ಆಸೆಯೂ ಇತ್ತು. ಪಚ್ಚೆ ಗಾಜನ್ನು ಗೀರುತ್ತದೆ, ಉಕ್ಕಿನ ಚಾಕುವಿಗೆ ಜಗ್ಗುವುದಿಲ್ಲ. ಈ ಹಸಿರಾದರೋ ಚಾಕುವಿನ ಮೊನೆ ತಾಗಿದೊಡನೆ ಪುಡಿಯಾಯಿತು. ತಾಮ್ರದ ಹಸಿರು ಅದಿರಾದ ಮ್ಯಾಲಕೈಟ್ ಇರಬಹುದೇ? ಚಿತ್ರದುರ್ಗದ ಬಳಿಯ ಇಂಗಳದಾಳಿನಲ್ಲಿ ತಾಮ್ರದ ಗಣಿಯಿದ್ದುದು ಎಲ್ಲರಿಗೂ ತಿಳಿದುದೇ, ಆದಕಾರಣ ಈ ಸಂಶಯ ಸಹಜ. ಮ್ಯಾಲಕೈಟನ್ನು ಮೆರುಗಿಲ್ಲದ ಪಿಂಗಾಣಿಯ ಮೇಲೆ ಉಜ್ಜಿದರೆ ತಿಳಿಹಸಿರು ಗೆರೆ ಬೀಳುತ್ತದೆ. ಇದರ ಗೆರೆ ಬಿಳಿಯಾಗಿತ್ತು. ಮ್ಯಾಲಕೈಟ್ ಆಮ್ಲದ ಹನಿಗೆ ನೊರೆಯುತ್ತದೆ, ಇದು ನೊರೆಯಲಿಲ್ಲ. ಬಳಿಕ ಊರಿನ ಅಕ್ಕಸಾಲಿಗರ ತಕ್ಕಡಿಯನ್ನು ತರಿಸಿ ಕಲ್ಲನ್ನು ತೂಗಿದೆವು. ಗಾಳಿಯಲ್ಲಿ ೪೧೨ ಗ್ರಾಂ. ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ತೂಗಿದಾಗ ೩೦೪ ಗ್ರಾಂ. ಕಡಿಮೆಯಾದ ೧೦೮ ಗ್ರಾಮಿನಿಂದ ೪೧೨ನ್ನು ಭಾಗಿಸಿದರೆ ೩.೮ ಬರುತ್ತದೆ. ಎಂದರೆ ಕಲ್ಲು ತನ್ನಷ್ಟೇ ಗಾತ್ರದ ನೀರಿಗಿಂತ ೩.೮ ಪಟ್ಟು ಭಾರ. ಬೆಣಚುಕಲ್ಲು ೨.೬೫ ಪಟ್ಟು, ಪಚ್ಚೆ ಸುಮಾರು ೨.೭ ಪಟ್ಟು. ಆದ್ದರಿಂದ ಒಳಗೆ ಭಾರವಾದುದೇನೋ ಅಡಗಿದೆಯೆಂಬುದು ನಿಶ್ಚಯವಾಯಿತು. ಆ ಹುಡುಗಿ ಲೆಕ್ಕವನ್ನು ನಮಗಿಂತ ಮೊದಲೇ ಮಾಡಿ ಮುಗಿಸಿದ್ದಳು. ತೂಗಿದ ನೀರನ್ನು ಚೆಲ್ಲಲು ಹೊರಟ ನಮ್ಮ ಮನೆಯವರನ್ನು ತಡೆದು, "ಅಮ್ಮಾ, ತುಳಸಿಗೆ ಹಾಕಬೇಡಿ" ಎಂದವಳೂ ಅವಳೇ.

ಬೆಳ್ಳಿಯಂತೆ ಹೊಳೆಯುವ ಒಳಗಿನ ಭಾಗ ಆರ್ಸೆನೋಪೈರೈಟ್ ಎಂದು ನಮಗೆ ಊಹೆಯಾಯಿತು. ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಕೂಡಿದ ಖನಿಜವದು. ನೀರಿಗಿಂತ ಸುಮಾರು ಆರು ಪಟ್ಟು ಭಾರ. ನೂರು ಗ್ರಾಮಿನಲ್ಲಿ ೪೬ ಗ್ರಾಂ ಆರ್ಸೆನಿಕ್ಕೇ ಇರುತ್ತದೆ. ಚಿನ್ನದ ಅದಿರಿನೊಡನೆ ಇದು ಕಾಣಿಸಿಕೊಳ್ಳುವುದು ವಾಡಿಕೆ. ಅಜ್ಜನಹಳ್ಳಿಯ ಚಿನ್ನದ ಶಿಲೆಯಲ್ಲಿಯೂ ಇದು ಇರುವುದನ್ನು ಭೂವಿಜ್ಞಾನಿಗಳು ವರ್ಣಿಸಿದ್ದಾರೆ. ಆದರೆ ಊಹೆಯ ಮೇಲೆ ಒಂದು ಮನೆಯ ತೋಟವನ್ನು ನಿಲ್ಲಿಸಲಾದೀತೇ? ನಮಗೆ ಪರಿಚಿತರಾದ ಭೂವಿಜ್ಞಾನದ ಅಧ್ಯಾಪಕರೊಬ್ಬರಿಗೆ ಬೆಂಗಳೂರಿಗೆ ಕಲ್ಲನ್ನು ಕಳುಹಿಸಿದೆವು. ಉತ್ತರ ಬರುವವರೆಗೆ ಯಾರಿಗೂ ಒಂದು ರೂಪಾಯಿಯನ್ನೂ ಕೊಡಬಾರದು, ಯಾವ ಪತ್ರಕ್ಕೂ ಸಹಿ ಹಾಕಬಾರದು, ಜಗಲಿಯನ್ನು ಚೆನ್ನಾಗಿ ತೊಳೆಯಬೇಕು, ಮಕ್ಕಳನ್ನು ವೈದ್ಯರಿಗೆ ತೋರಿಸಬೇಕು ಎಂದು ಹೇಳಿ ಅವರನ್ನು ಬೀಳ್ಕೊಟ್ಟೆವು.

ಐದು ವಾರಗಳ ಮೇಲೆ ಉತ್ತರ ಬಂತು. ಪುಡಿಮಾಡಿದ ಖನಿಜದ ಮೇಲೆ ಎಕ್ಸ್-ಕಿರಣವನ್ನು ಹಾಯಿಸಿದರೆ, ಅದರ ಅಣುಗಳ ಜೋಡಣೆಗೆ ತಕ್ಕಂತೆ ಕಿರಣಗಳು ಗೊತ್ತಾದ ಕೋನಗಳಲ್ಲಿ ಚದುರುತ್ತವೆ. ಎರಡು ಖನಿಜಗಳು ಕಣ್ಣಿಗೆ ಒಂದೇ ಆಗಿ ಕಂಡರೂ ಈ ಕೋನಗಳಲ್ಲಿ ಒಂದಾಗುವುದಿಲ್ಲ. ಆ ಪರೀಕ್ಷೆಯ ಪ್ರಕಾರ ಹಸಿರು ಹೊದಿಕೆಯು ಸ್ಕೊರೊಡೈಟ್, ತುಕ್ಕಿನ ಭಾಗವು ಕಬ್ಬಿಣದ ಗೋಥೈಟ್, ಒಳಗಿನದು ಆರ್ಸೆನೋಪೈರೈಟ್ ಮತ್ತು ಬೆಣಚು. ದಲ್ಲಾಳಿ ಹೇಳಿದ ಆರ್ಸೆನೇಟ್ ಎಂಬ ಶಬ್ದ ನಿಜವೇ ಆಗಿತ್ತು! ಆರ್ಸೆನೋಪೈರೈಟ್ ನೆಲದ ಮೇಲ್ಭಾಗಕ್ಕೆ ಬಂದು ಗಾಳಿಗೂ ಮಳೆಗೂ ಒಡ್ಡಿಕೊಂಡಾಗ ಗಂಧಕವು ಆಮ್ಲವಾಗಿ ಹರಿದುಹೋಗುತ್ತದೆ, ಆರ್ಸೆನಿಕ್ ಆಮ್ಲಜನಕವನ್ನು ಕೂಡಿಕೊಂಡು ಆರ್ಸೆನೇಟ್ ಆಗುತ್ತದೆ, ಅದು ಕಬ್ಬಿಣವನ್ನೂ ನೀರಿನ ಅಂಶವನ್ನೂ ಹಿಡಿದುಕೊಂಡು ಸ್ಕೊರೊಡೈಟ್ ಆಗಿ ಹೆಪ್ಪುಗಟ್ಟುತ್ತದೆ. ಈ ಹೆಸರನ್ನು ಕೊಟ್ಟವನು ಜರ್ಮನಿಯ ಬ್ರೈಟ್‌ಹೌಪ್ಟ್ ಎಂಬ ವಿದ್ವಾಂಸ, ೧೮೧೮ರಲ್ಲಿ. ಗ್ರೀಕ್ ಭಾಷೆಯಲ್ಲಿ ಬೆಳ್ಳುಳ್ಳಿಗೆ ಇರುವ ಶಬ್ದದಿಂದಲೇ ಅವನು ಅದನ್ನು ಮಾಡಿದ. ನೂರು ಗ್ರಾಂ ಶುದ್ಧ ಸ್ಕೊರೊಡೈಟಿನಲ್ಲಿ ಸುಮಾರು ೩೨ ಗ್ರಾಂ ಆರ್ಸೆನಿಕ್ ಇರುತ್ತದೆ.

ಹಾಗಾದರೆ ಬೆಲೆ? ಅಧ್ಯಾಪಕರು ಬಹಳ ಸೌಜನ್ಯದಿಂದ ಇದನ್ನೂ ವಿವರಿಸಿ ಬರೆದಿದ್ದರು. ಆರ್ಸೆನೇಟ್ ಖನಿಜಗಳು ನೂರಾರಿವೆ. ಅವುಗಳಲ್ಲಿ ಸ್ಕೊರೊಡೈಟ್ ಎಲ್ಲಕ್ಕಿಂತ ಸಾಮಾನ್ಯವಾದವುಗಳ ಸಾಲಿನದು. ಆರ್ಸೆನಿಕ್ ಇರುವ ಗಣಿಗಳಲ್ಲಿ ಲೋಕದ ಎಲ್ಲೆಡೆಯೂ ಪುಡಿಯಾಗಿಯೋ ತೊಗಟೆಯಾಗಿಯೋ ಸಿಗುತ್ತದೆ. ಹಾಗೆ ಸಿಕ್ಕುದಕ್ಕೆ ಸಂಗ್ರಾಹಕರು ಬೆಲೆ ಕೊಡುವುದಿಲ್ಲ. ನಮೀಬಿಯಾ ದೇಶದ ತ್ಸುಮೇಬ್ ಎಂಬಲ್ಲಿ ೧೯೯೬ರಲ್ಲಿ ಮುಚ್ಚಿದ ಒಂದು ಗಣಿಯಿತ್ತು. ಅಲ್ಲಿ ದೊರೆತ ನೀಲಿ ಮತ್ತು ಹಸಿರು ಸ್ಕೊರೊಡೈಟ್ ಹರಳುಗಳು ಬೆರಳಿನಿಂದ ಎತ್ತಿಕೊಳ್ಳುವಷ್ಟು ದೊಡ್ಡವು, ಅಂಚು ಮುರಿಯದವು. ಅವುಗಳಿಗೆ ಸಂಗ್ರಾಹಕರು ಹೆಚ್ಚಿನ ಹಣ ಕೊಡುತ್ತಾರೆ. ಮೆಕ್ಸಿಕೋದ ಮಾಪಿಮಿಯಲ್ಲಿ ಸಿಗುವ ಅಡಮೈಟ್ ಎಂಬ ಸತುವಿನ ಆರ್ಸೆನೇಟ್ ಅತಿನೇರಳೆ ದೀಪದಲ್ಲಿ ಹಸಿರಾಗಿ ಬೆಳಗುತ್ತದೆ. ಮೊರಾಕೋದ ಬೂ ಅಝ್ಝೆರ್ ಗಣಿಯ ಎರಿಥ್ರೈಟ್ ಎಂಬ ಕೋಬಾಲ್ಟಿನ ಆರ್ಸೆನೇಟ್ ದಾಸವಾಳದ ಕೆಂಪು. ಇವುಗಳಿಗೂ ಬೆಲೆಯುಂಟು. ಬೆಲೆಯನ್ನು ಕಟ್ಟುವಾಗ ನೋಡುವುದು ಹರಳಿನ ಗಾತ್ರ, ಬಣ್ಣ, ಮುರಿಯದಿರುವುದು, ಮತ್ತು ಇದಕ್ಕಿಂತ ಮುಖ್ಯವಾಗಿ, ಎಲ್ಲಿ ಯಾವಾಗ ಸಿಕ್ಕಿತೆಂಬ ಚೀಟಿ. ಚೀಟಿ ಕಳೆದುಹೋದ ಕಲ್ಲು ದಾಖಲೆ ಕಳೆದ ಜಮೀನಿನ ಹಾಗೆ. ಗ್ರಾಂ ಲೆಕ್ಕದಲ್ಲಿ ತೂಗಿ ಮಾರುವ ಪದ್ಧತಿ ಚಿನ್ನದ ಅಂಗಡಿಯದು, ಖನಿಜ ಸಂಗ್ರಾಹಕರದಲ್ಲ. ಅಷ್ಟನ್ನು ತಿಳಿದಿದ್ದರೂ ದಲ್ಲಾಳಿಯ ಮಾತಿನ ಟೊಳ್ಳು ಗೊತ್ತಾಗುತ್ತಿತ್ತು. ಇನ್ನು ಮಾರಾಟಕ್ಕಾಗಿ ಗುಂಡಿಯನ್ನು ಅಗೆದು ಖನಿಜ ತೆಗೆಯಬೇಕೆಂದರೆ ೧೯೫೭ರ ಗಣಿ ಮತ್ತು ಖನಿಜ ಕಾಯ್ದೆಯ ಪ್ರಕಾರ ಗುತ್ತಿಗೆಯ ಅನುಮತಿ ಬೇಕು. ಇಲ್ಲದಿದ್ದರೆ ಅದು ಅಪರಾಧವಾಗುತ್ತದೆ.

ನಿಜವಾಗಿ ಅಪರೂಪವಾದ ಆರ್ಸೆನೇಟ್ ಒಂದು ನಮ್ಮ ದೇಶದಲ್ಲಿಯೇ ದೊರೆತ ಕಥೆಯನ್ನು ಅವರು ತಮ್ಮ ಪತ್ರದಲ್ಲಿ ಸೂಚಿಸಿದ್ದರು. ನಾವು ಆಮೇಲೆ ಅದನ್ನು ಓದಿ ತಿಳಿದೆವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯಲ್ಲಿ ಲೂಯಿಸ್ ಲೀ ಫರ್ಮರ್ (೧೮೮೦–೧೯೫೪) ಎಂಬ ಆಂಗ್ಲ ವಿಜ್ಞಾನಿಯಿದ್ದರು. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು. ಈ ದೇಶದ ಮ್ಯಾಂಗನೀಸ್ ಅದಿರುಗಳನ್ನು ಊರೂರು ತಿರುಗಿ ಪರಿಶೀಲಿಸಿ ೧೯೦೯ರಲ್ಲಿ ಒಂದು ಬೃಹತ್ ಗ್ರಂಥವನ್ನು ಹೊರತಂದವರು ಅವರು. ಅಂದಿನ ಮಧ್ಯಪ್ರಾಂತ್ಯದ ಛಿಂದ್ವಾಡ ಜಿಲ್ಲೆಯ ಸೀತಾಪಾರ್ ಗಣಿಯ ಅದಿರಿನಲ್ಲಿ ನಸುಗೆಂಪು ಛಾಯೆಯ ಬಿಳಿಯ ಖನಿಜವೊಂದಿತ್ತು. ದಾರಿಯಲ್ಲಿ ಬಿದ್ದಿದ್ದರೆ ಸುಣ್ಣಕಲ್ಲೆಂದು ಯಾರೂ ಬಗ್ಗಿ ನೋಡುವಂತಹುದಲ್ಲ. ಲಂಡನ್ನಿನ ವಸ್ತುಸಂಗ್ರಹಾಲಯದ ಹರ್ಬರ್ಟ್ ಸ್ಮಿತ್ ಮತ್ತು ಪ್ರಯರ್ ಎಂಬಿಬ್ಬರು ಅದನ್ನು ಅಳೆದು, ವಿಶ್ಲೇಷಿಸಿ, ಅದು ಸುಣ್ಣ ಮತ್ತು ಸ್ಟ್ರಾಂಷಿಯಂಗಳ ಆರ್ಸೆನೇಟ್ ಹಾಗೂ ಫಾಸ್ಫೇಟ್ ಎಂದು ೧೯೧೧ರಲ್ಲಿ ಪ್ರಕಟಿಸಿ, ಫರ್ಮರ್ ಅವರ ಗೌರವಾರ್ಥ ಫರ್ಮರೈಟ್ ಎಂದು ಹೆಸರಿಟ್ಟರು. ಅದೇ ಲೇಖನದಲ್ಲಿ ಝಾಬುವಾ ಪ್ರದೇಶದ ಕಾಜಲೀಡೋಂಗರಿಯ ಟಿಲಸೈಟ್ ಎಂಬ ಇನ್ನೊಂದು ಆರ್ಸೆನೇಟಿನ ವರ್ಣನೆಯೂ ಇದೆ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. ಎಂಬತ್ತು ವರ್ಷಗಳ ಮೇಲೆ, ೧೯೯೧ರಲ್ಲಿ, ಆ ಮೂಲ ಮಾದರಿಯನ್ನೇ ಮತ್ತೆ ತೆಗೆದು ಎಕ್ಸ್-ಕಿರಣದಿಂದ ಅಣುಜೋಡಣೆಯನ್ನು ಪರೀಕ್ಷಿಸಿದರು. ಖನಿಜಗಳ ಹೆಸರನ್ನು ನಿರ್ಣಯಿಸುವ ಅಂತಾರಾಷ್ಟ್ರೀಯ ಸಂಘದವರು ೨೦೧೦ರಲ್ಲಿ ಅಪಟೈಟ್ ಎಂಬ ದೊಡ್ಡ ಕುಟುಂಬದ ಹೆಸರುಗಳನ್ನೆಲ್ಲ ಕ್ರಮಪಡಿಸಿದಾಗ, ಫರ್ಮರೈಟ್ ಸ್ವತಂತ್ರ ಖನಿಜವಲ್ಲ, ಅಮೆರಿಕೆಯಿಂದ ೧೯೮೦ರಲ್ಲಿ ವರ್ಣಿತವಾದ ಜಾನ್‌ಬೌಮೈಟಿನ ಇನ್ನೊಂದು ರೂಪ ಎಂದು ತೀರ್ಮಾನಿಸಿದರು. ಹಳೆಯ ಹೆಸರು ಹೊಸದಕ್ಕೆ ಸ್ಥಾನ ಬಿಟ್ಟುಕೊಟ್ಟಿತು. ಮೊದಲು ಕಂಡವರ ಹೆಸರು ಅಳಿದು ಬಳಿಕ ಬಂದವರ ಹೆಸರು ಉಳಿಯುವುದು ನ್ಯಾಯವೇ ಎಂದು ನಮಗೆ ಅನ್ನಿಸದೆ ಇರಲಿಲ್ಲ; ಶಾಸ್ತ್ರಕ್ಕೆ ಅದರದೇ ಮರ್ಯಾದೆಯಿದೆ, ಇರಲಿ. ನಾವು ಬೆರಗಾದದ್ದು ಇನ್ನೊಂದಕ್ಕೆ. ಒಂದು ಚಿಟಿಕೆ ಬಿಳಿಯ ಕಲ್ಲಿನ ಹೆಸರನ್ನು ಖಚಿತಪಡಿಸಲು ಎಷ್ಟು ಜನ, ಎಷ್ಟು ವರ್ಷ! ನಮ್ಮ ದಲ್ಲಾಳಿಗೆ ಒಂದು ಕೆಂಡ ಸಾಕಾಯಿತು.

ಉತ್ತರವನ್ನು ನಾವೇ ತೆಗೆದುಕೊಂಡು ಅವರ ಊರಿಗೆ ಹೋದೆವು. ಗೃಹಸ್ಥರು ಕಾಗದವನ್ನು ಎರಡು ಬಾರಿ ಓದಿಸಿಕೊಂಡರು. ಬಹಳ ಹೊತ್ತು ಮಾತಾಡಲಿಲ್ಲ. ಆರು ತಿಂಗಳಿಂದ ಮನಸ್ಸಿನಲ್ಲಿ ಕಟ್ಟಿದ ಮನೆ ಬಿದ್ದುಹೋದಾಗ ಯಾರಿಗಾದರೂ ಹಾಗೆಯೇ. "ಒಂದು ಸಾವಿರವೂ ಬರುವುದಿಲ್ಲವೇ ಶಾಸ್ತ್ರಿಗಳೇ?" ಎಂದು ಕೊನೆಗೆ ಕೇಳಿದರು. ಬರುವುದಿಲ್ಲವೆಂದೆವು. ಆದರೆ ತೋಟ ಉಳಿಯಿತಲ್ಲ, ಆ ತೋಟದ ಒಂದು ವರ್ಷದ ಕಾಯಿಯ ಹಣವನ್ನು ಲೆಕ್ಕ ಹಾಕಿ ನೋಡಿ ಎಂದೂ ಹೇಳಿದೆವು. ಅವರು ಲೆಕ್ಕ ಹಾಕಲಿಲ್ಲ. ಅಡಮಾನದ ಕಾಗದವನ್ನು ಒಳಗಿನಿಂದ ತಂದು ಹರಿದರು.

ಅಜ್ಜಿಗೆ ಮಾತ್ರ ಸಮಾಧಾನವಾಗಲಿಲ್ಲ. "ಅಲ್ಲ ಬುದ್ಧಿ, ಅಷ್ಟು ಚೆಂದಾಗಿ ಹೊಳೀತೈತೆ, ಭೂಮ್ತಾಯಿ ಕೊಟ್ಟಿದ್ದಲ್ವಾ? ಅದಕ್ಕೊಂದು ಹೂವ ಇಟ್ರೆ ತಪ್ಪಾ?" ಎಂದರು. ಆ ತಾಯಿಯ ಭಕ್ತಿಯನ್ನು ನೋಯಿಸುವ ಮನಸ್ಸು ನಮಗಿರಲಿಲ್ಲ. "ತಾಯೀ, ನಿಮ್ಮ ಕೊರಳಲ್ಲಿ ಇಷ್ಟಲಿಂಗವಿದೆ. ಗುರು ಕೊಟ್ಟ ಅದನ್ನು ಬಿಟ್ಟು ಜಗಲಿಯ ಮೇಲೆ ಇನ್ನೊಂದು ಕಲ್ಲೇಕೆ? ಇದು ಪಾಷಾಣದ ಜಾತಿ. ಮಕ್ಕಳಿಗೆ ಕೊಡುವ ನೀರು ಇದನ್ನು ಮುಟ್ಟಬಾರದು" ಎಂದೆವು. ಸ್ಕೊರೊಡೈಟ್ ನೀರಿನಲ್ಲಿ ಸಕ್ಕರೆಯಂತೆ ಕರಗುವ ವಸ್ತುವಲ್ಲ. ಹುಳಿ ಗುಣದ ನೀರಿನಲ್ಲಿ ಅದು ಬಹುಮಟ್ಟಿಗೆ ಗಟ್ಟಿಯಾಗಿಯೇ ಕುಳಿತಿರುತ್ತದೆ, ಆದ್ದರಿಂದಲೇ ಲೋಹ ಕರಗಿಸುವ ಕಾರ್ಖಾನೆಗಳು ತಮ್ಮ ಆರ್ಸೆನಿಕ್ ಕಸವನ್ನು ಸ್ಕೊರೊಡೈಟಾಗಿ ಮಾರ್ಪಡಿಸಿ ಕಟ್ಟಿಹಾಕುವುದುಂಟು. ಆದರೆ ಕ್ಷಾರದ ಕಡೆಗೆ ವಾಲುವ ನೀರಿನಲ್ಲಿ ಆರ್ಸೆನಿ‌ಕ್ಕನ್ನು ಮೆಲ್ಲಗೆ ಬಿಟ್ಟುಕೊಡುತ್ತದೆ. ಪುಣ್ಯವಶಾತ್ ಮಕ್ಕಳಲ್ಲಿ ಯಾವ ತೊಂದರೆಯೂ ವೈದ್ಯರಿಗೆ ಕಾಣಲಿಲ್ಲ. ಅಜ್ಜಿ ಕೊನೆಗೆ, "ಹಂಗಾದ್ರೆ ಹಿತ್ಲಾಗೂ ಹಾಕ್ಬೇಡಿ, ದನ ನೆಕ್ಕಾವು" ಎಂದರು. ನಮ್ಮೆಲ್ಲರಿಗಿಂತ ಮುಂದಿನ ಆಲೋಚನೆ ಅದು.

ಕಲ್ಲಿನ ಮಾತು ಮುಗಿಯಿತೆಂದು ನಾವು ಏಳುವಷ್ಟರಲ್ಲಿ ಮಗಳು ಕೇಳಿದಳು: "ಶಾಸ್ತ್ರಿಗಳೇ, ಕಲ್ಲು ಅಲ್ಲಿ ಎಷ್ಟೋ ಕಾಲದಿಂದ ಇದೆ. ಅದರ ಮೇಲೆ ಬಿದ್ದ ಮಳೆಯ ನೀರು ನಮ್ಮ ಬಾವಿಗೆ ಬಂದಿದ್ದರೆ?" ಈ ಪ್ರಶ್ನೆ ಹಗುರವಾದುದಲ್ಲ. ಯಾದಗಿರಿ ಜಿಲ್ಲೆಯ ಸುರಪುರ ಸೀಮೆಯಲ್ಲಿ ಮಂಗಳೂರು ಎಂಬ ಊರಿದೆ (ಕರಾವಳಿಯ ಮಂಗಳೂರಲ್ಲ). ಅಲ್ಲಿ ಈಗ ಮುಚ್ಚಿರುವ ಚಿನ್ನದ ಗಣಿಯೊಂದಿತ್ತು. ಆ ಪ್ರದೇಶದ ಕಿರದಳ್ಳಿ ತಾಂಡಾದ ಜನರ ಅಂಗೈ ಅಂಗಾಲುಗಳ ಚರ್ಮ ಗಂಟುಗಟ್ಟಿ, ಮೈಮೇಲೆ ಕಲೆಗಳೆದ್ದು, ಕೆಲವರಿಗೆ ಅರ್ಬುದರೋಗವೂ ಕಾಣಿಸಿಕೊಂಡಿತು. ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಇರುವುದು ಪರೀಕ್ಷೆಯಿಂದ ಗೊತ್ತಾಯಿತು. ೨೦೧೩ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಅಲ್ಲಿ ಪರೀಕ್ಷೆಗೆ ಒಳಗಾದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಚರ್ಮದಲ್ಲಿ ಆರ್ಸೆನಿಕ್ಕಿನ ಲಕ್ಷಣಗಳಿದ್ದವು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ೦.೦೧ ಮಿಲಿಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಬಾರದು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕಾಯಿಸದ ಹೊರತು ಕಲ್ಲಿನಲ್ಲಿಯೇ ಬಾರದ ಬೆಳ್ಳುಳ್ಳಿಯ ವಾಸನೆ ನೀರಿನಲ್ಲಿ ಎಲ್ಲಿಂದ ಬರಬೇಕು?

ಹಳೆಯ ತೆರೆದ ಬಾವಿಯ ನೀರನ್ನೂ ಮನೆಯ ಕೊಳವೆಬಾವಿಯ ನೀರನ್ನೂ ಬೇರೆ ಬೇರೆ ಶೀಷೆಗಳಲ್ಲಿ ತುಂಬಿ, ಮಗಳೇ ತುಮಕೂರಿನಲ್ಲಿ ಪರೀಕ್ಷೆಗೆ ಕೊಟ್ಟಳು. ಎರಡರಲ್ಲಿಯೂ ಆರ್ಸೆನಿಕ್ ಮಿತಿಯ ಒಳಗೇ ಇತ್ತು. ಮನೆಯವರೆಲ್ಲ ನಿಟ್ಟುಸಿರು ಬಿಡುವಷ್ಟರಲ್ಲಿ ಅದೇ ಕಾಗದದ ಕೆಳಗಿನ ಸಾಲನ್ನು ಅವಳು ಓದಿದಳು. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ ೨.೪ ಮಿಲಿಗ್ರಾಂ. ೧.೫ನ್ನು ಮೀರಿದರೆ ಕುಡಿಯಲು ಯೋಗ್ಯವಲ್ಲ. ಆ ಮನೆಯ ಚಿಕ್ಕ ಹುಡುಗನ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ನಾವು ಮೊದಲ ದಿನವೇ ಕಂಡಿದ್ದೆವು. ಆ ಊರಿನ ಶಾಲೆಯ ಎಷ್ಟೋ ಮಕ್ಕಳಿಗೆ ಹಾಗೆಯೇ ಇವೆ. ಪಾವಗಡದ ಕಡೆಗಂತೂ ಬೆನ್ನು ಬಾಗಿ ಮಂಡಿ ಬಿಗಿದ ಹಿರಿಯರನ್ನು ಕಾಣದ ಊರಿಲ್ಲ.

ಅಧ್ಯಾಪಕರಿಗೆ ಇದನ್ನು ತಿಳಿಸಿದಾಗ ಅವರು ಬರೆದ ಉತ್ತರ ನಮ್ಮನ್ನು ಚಕಿತಗೊಳಿಸಿತು. ನಮ್ಮ ಸೀಮೆಯ ಗ್ರಾನೈಟ್ ಮುಂತಾದ ಶಿಲೆಗಳಲ್ಲಿ ಕಪ್ಪು ಅಭ್ರಕ, ಫ್ಲೋರೈಟ್, ಅಪಟೈಟ್ ಎಂಬ ಖನಿಜಗಳಿದ್ದು, ಅವುಗಳಿಂದ ಫ್ಲೋರೈಡ್ ಆಳದ ನೀರಿಗೆ ಇಳಿಯುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ, ನೀರು ಕಲ್ಲಿನೊಡನೆ ಹೆಚ್ಚು ಕಾಲ ಕಳೆದಷ್ಟೂ ಅದು ಹೆಚ್ಚುವುದುಂಟು. ಈ ಅಪಟೈಟ್ ಯಾವುದೆಂದರೆ ಸೀತಾಪಾರಿನ ಫರ್ಮರೈಟ್ ಸೇರಿದ ಕುಟುಂಬದ್ದೇ. ಅಲ್ಲಿ ಆರ್ಸೆನಿಕ್ ಇರುವ ಸ್ಥಾನದಲ್ಲಿ ಇಲ್ಲಿ ರಂಜಕವಿದೆ, ಅಷ್ಟೆ. ನಮ್ಮ ಹಲ್ಲು ಮೂಳೆಗಳೂ ಅದೇ ಕುಟುಂಬದ ಖನಿಜದಿಂದಲೇ ಕಟ್ಟಲ್ಪಟ್ಟಿವೆ. ಆದ್ದರಿಂದಲೇ ಫ್ಲೋರೈಡ್ ಅವುಗಳೊಳಗೆ ಅಷ್ಟು ಸುಲಭವಾಗಿ ಸೇರಿಕೊಳ್ಳುತ್ತದೆ. ಅಪರೂಪದ ಬಂಧುವನ್ನು ಲಂಡನ್ನಿನಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡುತ್ತಾರೆ. ಸಾಮಾನ್ಯನಾದ ಬಂಧುವು ನಮ್ಮ ಬೆಟ್ಟಗಳಲ್ಲೆಲ್ಲ ತುಂಬಿದ್ದಾನೆ, ಅವನನ್ನು ಕೇಳುವ ದಲ್ಲಾಳಿ ಯಾರೂ ಇಲ್ಲ.

ಸರ್ಟಿಫಿಕೇಟಿಗೆಂದು ಕೂಡಿಸಿದ್ದ ಹಣದಲ್ಲಿ ಒಂದು ಭಾಗವನ್ನು ಖರ್ಚು ಮಾಡಿ ಆ ಗೃಹಸ್ಥರು ಮನೆಯ ಛಾವಣಿಯ ಮಳೆನೀರನ್ನು ಹಿಡಿಯುವ ತೊಟ್ಟಿಯನ್ನು ಕಟ್ಟಿಸಿದರು. ಕುಡಿಯಲು, ಅಡುಗೆಗೆ ಆ ನೀರು; ತೊಟ್ಟಿ ಬತ್ತಿದಾಗ ಊರಿನ ಶುದ್ಧನೀರಿನ ಘಟಕದ್ದು. ಕೊಳವೆಬಾವಿಯ ನೀರು ಪಾತ್ರೆಗೆ, ಸ್ನಾನಕ್ಕೆ, ತೋಟಕ್ಕೆ. ಹಲ್ಲಿನಲ್ಲಿ ಮೂಡಿದ ಗೆರೆ ಹೋಗುವಂತಹುದಲ್ಲವಾದರೂ, ಇನ್ನೂ ಹಲ್ಲು ಬರಬೇಕಾದ ಕೂಸೊಂದು ಆ ಮನೆಯಲ್ಲಿದೆ.

ಕಲ್ಲನ್ನು ಅಧ್ಯಾಪಕರು ತಮ್ಮ ವಿಭಾಗದ ಕಪಾಟಿನಲ್ಲಿ, ಮುಚ್ಚಳವಿರುವ ಗಾಜಿನ ಭರಣಿಯಲ್ಲಿ ಇರಿಸಿದ್ದಾರೆ. ಅದರ ಚೀಟಿಯನ್ನು ಮಗಳು ಬರೆದುಕೊಟ್ಟಳು: ಖನಿಜದ ಹೆಸರು, ಊರು, ಹೊಲದ ಸರ್ವೆ ನಂಬರು, ಸಿಕ್ಕ ತಿಂಗಳು. ಅವಳ ಮದುವೆ ಮುಂದಕ್ಕೆ ಹೋಗಿದೆ. ಎಂ.ಎಸ್ಸಿ. ಮಾಡಬೇಕೆಂದು ಕೇಳಿಕೊಂಡಳಂತೆ, ತೋಟದ ಕಾಯಿಯ ಹಣದಲ್ಲಿ ಶುಲ್ಕ ಕಟ್ಟಿದ್ದಾರೆ.